ಹತ್ತದ ಕೆಂಪು ದೀಪ

ನಮ್ಮ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಗ್ಯಾರೇಜುಗಳಲ್ಲಿ ಆಲ್ಟರ್ನೇಟರ್‌ಗೆ ಇವತ್ತಿಗೂ ‘ಡೈನಮೋ’ ಅಂತಲೇ ಹೆಸರು. ಹೆಸರು ಏನಾದರೂ ಇರಲಿ, ಅದು ಕೈಕೊಟ್ಟರೆ ಮೊದಲು ಬೈಸಿಕೊಳ್ಳೋದು ಬ್ಯಾಟರಿ!

ಹೋದ ವರ್ಷ ಭಾವನ ಹಳೇ ಟೆಂಪೋದಲ್ಲಿ ಗೂಡು ತುಂಬಿಕೊಂಡು ಚಿಂತಾಮಣಿಯಿಂದ ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಗೆ ನಸುಕಿನಲ್ಲೇ ಹೊರಟಿದ್ವಿ. ದಾರಿಯಲ್ಲಿ ಹೆಡ್‌ಲೈಟ್ ಮಂಕಾಗ್ತಾ ಬಂತು. ಟೀಗೆ ನಿಲ್ಲಿಸಿದ್ದೇ ತಡ, ಸೆಲ್ಫ್ ತಿರುಗಲೇ ಇಲ್ಲ. ಗೂಡು ಕಾಯೋದಿಲ್ಲ ನೋಡಿ. ದಿನ ಕಳೆದಂತೆ ತೂಕ ಇಳಿಯುತ್ತೆ, ತೀರಾ ತಡವಾದರೆ ಚಿಟ್ಟೆ ತೂತು ಮಾಡಿ ಹೊರಬರುತ್ತೆ. ತೂತಾದ ಗೂಡಿಂದ ನೂಲು ಬಿಚ್ಚೋಕಾಗಲ್ಲ.

ಅಲ್ಲೇ ಇದ್ದ ಅಂಗಡಿಯವನು "ಬ್ಯಾಟರಿ ಹೋಗಿದೆ, ಹೊಸದು ಹಾಕ್ಸಿ" ಅಂದ. ಅದು ಹಾಕಿಸಿ ಎರಡು ತಿಂಗಳಾಗಿತ್ತಷ್ಟೇ!

ಪುಣ್ಯಕ್ಕೆ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು ಸಿಕ್ಕರು. ತಳ್ಳಿ ಸ್ಟಾರ್ಟ್ ಮಾಡಿಸಿ ಮೀಟರ್ ಹಿಡಿದರು: 11.8 ವೋಲ್ಟ್.

"ಇಂಜಿನ್ ಓಡುವಾಗ 14ರ ಆಸುಪಾಸು ಇರಬೇಕು ಕಣಪ್ಪ. ಕೀ ಹಾಕಿದಾಗ ಕೆಂಪು ಬ್ಯಾಟರಿ ದೀಪ ಹತ್ತುತ್ತಾ?"

"ಇಲ್ಲಣ್ಣ" ಅಂದ ಭಾವ.

"ಅಲ್ಲೇ ಇದೆ ನೋಡು. ಬೋರಲ್ಲಿ ನೀರಿಲ್ದೆ ತೊಟ್ಟಿ ಬದಲಾಯಿಸಿದ್ರೆ ಏನು ಬಂತು?"

ಇಂಥ ಗಾಡಿಗಳಲ್ಲಿ ಆ ದೀಪದ ಮೂಲಕ ಹೋಗುವ ಕರೆಂಟೇ ಕಾರ್ಬನ್ ಬ್ರಷ್ ದಾಟಿ ರೋಟರನ್ನು ಅಯಸ್ಕಾಂತ ಮಾಡೋದಂತೆ. ಬೆಲ್ಟ್ ಬಿಗಿ ಇತ್ತು, ವೈರುಗಳೂ ಸರಿ. ಬಿಚ್ಚಿ ನೋಡಿದರೆ ಬ್ರಷ್ ಸವೆದು ಚೂರಾಗಿತ್ತು. ಹೊಸ ಜೋಡಿ ಹಾಕಿದ್ದೇ ಮೀಟರ್ 14.1 ತೋರಿಸಿತು. ಹರಾಜಿನ ಹೊತ್ತಿಗೆ ಗೂಡು ಮಾರುಕಟ್ಟೆ ಸೇರಿತು.

ಹೊಸ ಬ್ಯಾಟರಿಗೆ ದುಡ್ಡು ಕೊಡೋ ಮುಂಚೆ "ಒಂದ್ಸಲ ಮೀಟರ್ ಹಿಡೀರಿ" ಅಂತ ಕೇಳಿ. ಇಂಜಿನ್ ಓಡ್ತಿರುವಾಗ ಬ್ಯಾಟರಿ ವೈರ್ ಕಿತ್ತು ಪರೀಕ್ಷೆ ಮಾಡೋಕೆ ಮಾತ್ರ ಬಿಡಬೇಡಿ, ಡಯೋಡ್ ಸುಟ್ಟುಹೋಗಬಹುದು. ನಿಮ್ಮ ಗಾಡಿಯ ಕೆಂಪು ದೀಪ ಹತ್ತುತ್ತಾ? ನಾಳೆ ಕೀ ಹಾಕಿದಾಗ ನೋಡಿ ಹೇಳಿ :)