‘ರಕ್ಷಿಸುತ್ತದೆ’ ಎಂಬ ಒಂದು ಮಾತು

ನನ್ನ ಹಳೆಯ ಡೈರಿಯೊಂದರ ಪುಟಗಳ ನಡುವೆ ಹಳದಿಗಟ್ಟಿದ ವೃತ್ತಪತ್ರಿಕೆಯ ತುಣುಕೊಂದಿದೆ. ಅಂಗೈಯಗಲದ ಸುದ್ದಿ. ನೆಲನೆಲ್ಲಿ ಗಿಡದ ಸಾರವು ಯಕೃತ್ತನ್ನು ರಕ್ಷಿಸುತ್ತದೆಂಬುದನ್ನು ವಿಜ್ಞಾನಿಗಳು ಪ್ರಯೋಗದಿಂದ ಕಂಡುಕೊಂಡಿದ್ದಾರೆ ಎಂಬುದು ಅದರ ತಾತ್ಪರ್ಯ. ಆ ದಿನಗಳಲ್ಲಿ ನಾನು ತಿಕೋಟಾದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸುತ್ತಿದ್ದೆ. ಇಂಥ ಸುದ್ದಿಗಳನ್ನು ಕತ್ತರಿಸಿ ಶಾಲೆಯ ಸೂಚನಾ ಫಲಕಕ್ಕೆ ಅಂಟಿಸುವುದು ನನ್ನ ಹವ್ಯಾಸ. ನಮ್ಮ ಅಜ್ಜಿಯಂದಿರಿಗೆ ತಿಳಿದಿದ್ದನ್ನು ಪ್ರಯೋಗಶಾಲೆಯೂ ಒಪ್ಪಿತಲ್ಲ ಎಂದು ಹಿಗ್ಗುವವರಲ್ಲಿ ನಾನೂ ಒಬ್ಬನಾಗಿದ್ದೆ.

ನನ್ನ ತಂಗಿಯನ್ನು ಬಬಲೇಶ್ವರಕ್ಕೆ ಕೊಟ್ಟಿದ್ದೆವು. ತಿಕೋಟಾ, ಬಬಲೇಶ್ವರ ಎರಡೂ ಈಗ ತಾಲೂಕು ಕೇಂದ್ರಗಳು. ಆಗ ವಿಜಯಪುರ ತಾಲೂಕಿಗೇ ಸೇರಿದ್ದ ಊರುಗಳು. ವಿಜಯಪುರವನ್ನು ಬಿಜಾಪುರವೆಂದೇ ಕರೆಯುತ್ತಿದ್ದ ಕಾಲವದು. 2009ರ ಮಳೆಗಾಲದಲ್ಲಿ ತಂಗಿ ಎರಡನೆಯ ಬಾರಿ ಗರ್ಭಿಣಿ, ಏಳು ತಿಂಗಳು ತುಂಬಿದ್ದವು. ಕಣ್ಣು ಹಳದಿಯಾಗಿದೆ, ಊಟ ಸೇರುತ್ತಿಲ್ಲ ಎಂದು ಫೋನು ಬಂದಾಗ ನಾನು ಹೋಗಿ ನೋಡಿದೆ. ನಮ್ಮ ಕಡೆ ಕಾಮಣಿ ಎನ್ನುವ ರೋಗವೇ ಅದು. ಊರಲ್ಲಿ ಕಾಮಣಿಗೆ ಔಷಧ ಕೊಡುವ ಹಿರಿಯರೊಬ್ಬರು ನೆಲನೆಲ್ಲಿಯನ್ನು ಅರೆದು ಮಜ್ಜಿಗೆಯಲ್ಲಿ ಕದಡಿ, ಬರಿಹೊಟ್ಟೆಯಲ್ಲಿ ಕುಡಿಯಲು ಕೊಟ್ಟಿದ್ದರು. ಒಂದು ಪೈಸೆಯನ್ನೂ ಮುಟ್ಟದ ಸಜ್ಜನರು. ತಂಗಿಯ ಅತ್ತೆ ನನ್ನನ್ನು ಕೇಳಿದರು: “ಮಾಸ್ತರ್ರ, ಇದರಿಂದ ಆರಾಮ ಆಕ್ಕತಿ ಅಲ್ರಿ? ದವಾಖಾನಿಗೆ ಒಯ್ಯೂದು ಬ್ಯಾಡಲ್ಲ?”

ನಾನು ಬಸ್ಸಿನಲ್ಲಿ ಓದಲೆಂದು ಇಟ್ಟುಕೊಂಡಿದ್ದ ಡೈರಿಯಿಂದ ಆ ತುಣುಕನ್ನು ತೆಗೆದು ಓದಿ ಹೇಳಿದೆ. “ಹೌದ್ರೀ, ಈಗ ಸೈನ್ಸ್‌ದಾಗೂ ಇದಕ್ಕ ಪುರಾವೆ ಐತಿ.”

ಓದುಗರೇ, ಆ ಮಾತನ್ನು ಹದಿನೈದು ವರ್ಷಗಳಿಗೂ ಮೀರಿ ಹೊತ್ತುಕೊಂಡು ಬಂದಿದ್ದೇನೆ. ದವಾಖಾನೆಗೆ ಹೋಗಲೋ ಬೇಡವೋ ಎಂದು ತೂಗಾಡುತ್ತಿದ್ದ ಮನೆಗೆ ನಿರ್ಧಾರ ಒದಗಿಸಿದ್ದು ಔಷಧ ಕೊಟ್ಟ ಹಿರಿಯರಲ್ಲ, ತಂಗಿಯ ಅತ್ತೆಯೂ ಅಲ್ಲ. ವಿಜ್ಞಾನದ ಪದವಿ ಪಡೆದ ನಾನು. ಆರನೆಯ ದಿನ ತಂಗಿ ಹಗಲೆಲ್ಲ ನಿದ್ರಿಸತೊಡಗಿದಳು. ಏಳನೆಯ ದಿನ ತನ್ನ ಮಗಳ ಹೆಸರನ್ನೇ ತಪ್ಪಾಗಿ ಕರೆದಳು. ಬಾಡಿಗೆ ಜೀಪಿನಲ್ಲಿ ನಗರದ ಆಸ್ಪತ್ರೆಯೊಂದಕ್ಕೆ ಸೇರಿಸಿದಾಗ ರಕ್ತ ಹೆಪ್ಪುಗಟ್ಟುವ ಶಕ್ತಿಯೇ ಕುಂದಿದೆ ಎಂದರು. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಇ ಎಂಬ ಸೋಂಕು. ಇತರರಲ್ಲಿ ಇದು ಬಹುಮಟ್ಟಿಗೆ ತಾನಾಗಿಯೇ ವಾಸಿಯಾಗುತ್ತದೆ. ಗರ್ಭಿಣಿಯರಿಗೆ ಕೊನೆಯ ಮೂರು ತಿಂಗಳಲ್ಲಿ ತಗಲಿದರೆ ನೂರರಲ್ಲಿ ಇಪ್ಪತ್ತು, ಇಪ್ಪತ್ತೈದು ಮಂದಿಯನ್ನು ಬಲಿ ತೆಗೆದುಕೊಳ್ಳಬಲ್ಲದು. ತಂಗಿ ಉಳಿದಳು. ಮಗು ಉಳಿಯಲಿಲ್ಲ.

ಬೇಗ ಕರೆತಂದಿದ್ದರೆ ಮಗು ಬದುಕುತ್ತಿತ್ತೇ ಎಂದು ವೈದ್ಯರನ್ನು ಕೇಳಿದೆ. ಅವರು ಸಾಂತ್ವನವನ್ನೂ ಹೇಳಲಿಲ್ಲ, ಆರೋಪವನ್ನೂ ಹೊರಿಸಲಿಲ್ಲ. “ಈ ವೈರಸ್ಸಿಗೆ ನಮ್ಮಲ್ಲೂ ಔಷಧವಿಲ್ಲ. ಆದರೆ ಐದು ದಿನ ಕಣ್ಣಿಟ್ಟು ಕಾಯುವ ಅವಕಾಶ ನಮಗಿರುತ್ತಿತ್ತು,” ಎಂದಷ್ಟೇ ಹೇಳಿದರು.

ಆ ಬಳಿಕವೇ ನಾನು ಇಂಥ ಸಂಶೋಧನೆಗಳನ್ನು ಸುದ್ದಿಯ ತುಣುಕಿನಲ್ಲಲ್ಲದೆ ಮೂಲ ಪ್ರಬಂಧಗಳಲ್ಲಿ ಓದತೊಡಗಿದ್ದು. ವೈದ್ಯಕೀಯ ಓದುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅವುಗಳನ್ನು ಮುದ್ರಿಸಿ ತಂದುಕೊಡುತ್ತಿದ್ದ. ಒಂದು ದಿನ ಅವನು ತಂದದ್ದನ್ನು ನೋಡಿ ಬೆರಗಾದೆ. ಅದು ನಮ್ಮ ಊರಿನದೇ! ತಿಕೋಟಾದಿಂದ ವಿಜಯಪುರಕ್ಕೆ ಹೋಗುವ ಅಥಣಿ ರಸ್ತೆಯಲ್ಲಿ ಅಲ್-ಅಮೀನ್ ವೈದ್ಯಕೀಯ ಕಾಲೇಜಿದೆ. ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ ಕಟ್ಟಡ. ಅಲ್ಲಿನ ಶರೀರಕ್ರಿಯಾ ವಿಭಾಗದಲ್ಲಿ ಡಾ. ಕುಸಲ್ ಕೆ. ದಾಸ್ ಮತ್ತು ಅವರ ಸಂಗಡಿಗರು ನಿಕ್ಕಲ್, ಕ್ರೋಮಿಯಂ ಎಂಬ ಲೋಹಗಳ ವಿಷಪರಿಣಾಮದ ಮೇಲೆ ಕೆಲಸ ಮಾಡಿದ್ದರು. 2008ರಲ್ಲಿ ಪ್ರಕಟವಾದ ಅವರ ಒಂದು ಪ್ರಬಂಧದ ವಸ್ತು ಬೆಳ್ಳುಳ್ಳಿ. ದಾಸ್ ಅವರು ಮುಂದೆ ಇದೇ ನಗರದ ಬಿ.ಎಲ್.ಡಿ.ಇ. ವಿಶ್ವವಿದ್ಯಾಲಯದಲ್ಲಿ ಈ ದಾರಿಯನ್ನು ಮುಂದುವರಿಸಿದರು.

ಆ ಪ್ರಬಂಧ ನನಗೆ ಗುರುವಾಯಿತೆಂದರೆ ಉತ್ಪ್ರೇಕ್ಷೆಯಲ್ಲ. ನಿಕ್ಕಲ್ಲನ್ನು ಸ್ಟೀಲಿಗೆ ಬೆರೆಸುತ್ತಾರೆ, ಕ್ರೋಮಿಯಂ ಲವಣಗಳನ್ನು ಚರ್ಮ ಹದ ಮಾಡಲು ಬಳಸುತ್ತಾರೆ. ಇಂಥ ಕಾರ್ಖಾನೆಗಳಲ್ಲಿ ದುಡಿಯುವವರ ಮೈಗೆ ಈ ಲೋಹಗಳು ಸೇರುವ ಭಯವಿರುವುದರಿಂದ ಸಂಶೋಧಕರಿಗೆ ಈ ಪ್ರಶ್ನೆ ಹುಟ್ಟಿತ್ತು. ಬಿಳಿಯ ಗಂಡು ಇಲಿಗಳನ್ನು ಗುಂಪುಗಳಾಗಿ ವಿಂಗಡಿಸಿದ್ದರು. ಒಂದು ಗುಂಪಿಗೆ ಏನನ್ನೂ ಕೊಡಲಿಲ್ಲ. ಕೆಲವಕ್ಕೆ ಲೋಹದ ಲವಣ ಮಾತ್ರ. ಕೆಲವಕ್ಕೆ ಲೋಹದ ಜೊತೆಯಲ್ಲಿಯೇ ಬೆಳ್ಳುಳ್ಳಿಯ ಸಾರ. ಲೋಹ ಮಾತ್ರ ಸೇರಿದ ಇಲಿಗಳ ರಕ್ತದಲ್ಲಿ ಕೆಟ್ಟ ಕೊಬ್ಬು ಏರಿ, ಒಳ್ಳೆಯ ಕೊಬ್ಬು ಇಳಿದಿತ್ತು. ಬೆಳ್ಳುಳ್ಳಿಯೂ ಸಿಕ್ಕ ಇಲಿಗಳಲ್ಲಿ ಆ ಏರುಪೇರು ತಗ್ಗಿತ್ತು. ಬೆಳ್ಳುಳ್ಳಿಯ ಗಂಧಕಯುಕ್ತ ಅಂಶಗಳು ಜೀವಕೋಶಗಳನ್ನು ಸುಡುವಂಥ ಕಣಗಳನ್ನು ತಣಿಸುತ್ತವೆ ಎಂಬುದು ಅದರ ವಿವರಣೆ.

ಇಲ್ಲಿ ಸಂಶೋಧಕರು ‘ರಕ್ಷಣೆ’ ಎಂದಾಗ ಅದಕ್ಕೆ ನಾಲ್ಕು ಕಡೆಯೂ ಬೇಲಿಯಿದೆ. ಇಂಥ ವಿಷ, ಇಷ್ಟು ಪ್ರಮಾಣ, ಇಷ್ಟು ದಿನ, ಇಂಥ ಪ್ರಾಣಿ. ಯಕೃತ್ತಿನ ಪ್ರಯೋಗಗಳಲ್ಲಿಯೂ ಹೀಗೆಯೇ. ಆರೋಗ್ಯವಾಗಿರುವ ಇಲಿಗೆ ಹಲವು ದಿನ ಗಿಡದ ಸಾರ ಕುಡಿಸುತ್ತಾರೆ. ಅನಂತರ ಕಾರ್ಬನ್ ಟೆಟ್ರಾಕ್ಲೋರೈಡನ್ನೋ ಮಿತಿಮೀರಿದ ಪ್ಯಾರಾಸಿಟಮಾಲನ್ನೋ ಕೊಟ್ಟು ಯಕೃತ್ತನ್ನು ಕೆಡಿಸುತ್ತಾರೆ. ಯಕೃತ್ತಿನ ಕೋಶ ಒಡೆದರೆ ಅದರೊಳಗಿನ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ನಮ್ಮ ರಕ್ತ ತಪಾಸಣೆಯ ಚೀಟಿಯಲ್ಲಿ ಎಸ್.ಜಿ.ಓ.ಟಿ., ಎಸ್.ಜಿ.ಪಿ.ಟಿ. ಎಂದು ಬರೆದಿರುತ್ತಾರಲ್ಲ, ಅವೇ. ಸಾರ ಕುಡಿದ ಇಲಿಗಳಲ್ಲಿ ಅವುಗಳ ಸೋರಿಕೆ ಕಡಿಮೆಯಾದರೆ ಗಿಡಕ್ಕೆ ‘ರಕ್ಷಕ’ ಎಂಬ ಬಿರುದು. ಗಮನಿಸಿ: ಮೊದಲು ಗಿಡ, ಆಮೇಲೆ ವಿಷ. ನನ್ನ ತಂಗಿಯದು ತದ್ವಿರುದ್ಧ. ಅವಳ ಯಕೃತ್ತು ಆಗಲೇ ಕೆಟ್ಟಿತ್ತು. ಕೆಡಿಸಿದ್ದು ರಾಸಾಯನಿಕವಲ್ಲ, ವೈರಸ್ಸು. ಅವಳು ಏಳು ತಿಂಗಳ ಗರ್ಭಿಣಿ. ನನ್ನ ತುಣುಕಿನ ಸುದ್ದಿಯಲ್ಲಿ ಇಲಿ ಎಂಬ ಪದವೇ ಇರಲಿಲ್ಲ. ಬೇಲಿಯಿಲ್ಲದ ‘ರಕ್ಷಿಸುತ್ತದೆ’ ಮಾತ್ರ ಉಳಿದಿತ್ತು, ಅದನ್ನೇ ನಾನು ಬಬಲೇಶ್ವರಕ್ಕೆ ಒಯ್ದೆ.

ಹಾಗೆಂದು ನೆಲನೆಲ್ಲಿಯ ಕಥೆ ಇಲಿಗಳಲ್ಲಿಯೇ ಮುಗಿದಿದ್ದಲ್ಲ. 1988ರಲ್ಲಿ ಮದರಾಸಿನ ವಿಜ್ಞಾನಿ ತ್ಯಾಗರಾಜನ್ ಮತ್ತು ಅವರ ಬಳಗದವರು, ನೊಬೆಲ್ ಪುರಸ್ಕೃತ ಬರೂಕ್ ಬ್ಲಂಬರ್ಗ್ ಅವರೊಡಗೂಡಿ, ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ಹೆಪಟೈಟಿಸ್ ಬಿ ವೈರಸ್ಸನ್ನು ಮೈಯಲ್ಲಿ ಹೊತ್ತವರಿಗೆ ಮೂವತ್ತು ದಿನ ನೆಲನೆಲ್ಲಿಯ ಪುಡಿ ಕೊಟ್ಟಾಗ 37 ಜನರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಹುಸಿ ಔಷಧ ಪಡೆದ 23 ಜನರಲ್ಲಿ ಮಾಯವಾದದ್ದು ಒಬ್ಬರಲ್ಲಿ ಮಾತ್ರ. ಜಗತ್ತೇ ಕಿವಿ ನಿಮಿರಿಸಿತು. ಬೇರೆ ದೇಶಗಳಲ್ಲಿ ಪರೀಕ್ಷೆ ಮಾಡಿದವರಿಗೆ ಆ ಫಲ ದೊರೆಯಲಿಲ್ಲ. 2011ರಲ್ಲಿ ಕಾಕ್ರೇನ್ ಸಂಸ್ಥೆಯ ಪರಾಮರ್ಶೆಯು, ಹುಸಿ ಔಷಧಕ್ಕಿಂತ ಇದು ಮೇಲೆಂದು ಹೇಳುವಷ್ಟು ನಂಬಲರ್ಹ ಆಧಾರವಿಲ್ಲವೆಂದಿತು. ಇದರಿಂದ ಮದರಾಸಿನವರ ಶ್ರಮ ವ್ಯರ್ಥವಾಯಿತೆಂದು ನಾನು ಭಾವಿಸುವುದಿಲ್ಲ. ಅವರು ಕೇಳಬೇಕಾದ ಪ್ರಶ್ನೆಯನ್ನು ಕೇಳಬೇಕಾದ ರೀತಿಯಲ್ಲಿ, ಮನುಷ್ಯರಲ್ಲಿ ಕೇಳಿದರು.

ಹಾಗಾದರೆ ಊರಿನ ಕಾಮಣಿ ಔಷಧದಿಂದ ಇಷ್ಟು ಜನ ಗುಣವಾದದ್ದು ಹೇಗೆ? ಈ ಪ್ರಶ್ನೆಯನ್ನು ತಂಗಿಯ ಅತ್ತೆಯೇ ನನಗೆ ಹಾಕಿದ್ದರು. ನಮ್ಮಲ್ಲಿ ಮಳೆಗಾಲದ ಕಾಮಣಿಗೆ ಹೆಚ್ಚಾಗಿ ಕಾರಣ ಹೆಪಟೈಟಿಸ್ ಎ ಅಥವಾ ಇ. ಬಹುತೇಕ ಜನರಲ್ಲಿ ಕೆಲವು ವಾರಗಳೊಳಗೆ ದೇಹವೇ ಅದನ್ನು ಗೆಲ್ಲುತ್ತದೆ. ಔಷಧ ಕುಡಿದವರೂ ಗುಣವಾಗುತ್ತಾರೆ, ಕುಡಿಯದವರೂ ಗುಣವಾಗುತ್ತಾರೆ. ಕುಡಿದವರು ಮಾತ್ರ ಬಂದು ಕೈಮುಗಿಯುತ್ತಾರೆ. ಔಷಧ ಕೊಡುವ ಹಿರಿಯರು ಯಾರನ್ನೂ ವಂಚಿಸಿರಲಿಲ್ಲ. ತಾವು ಕಂಡದ್ದನ್ನು ನಂಬಿದ್ದರು.

ಇನ್ನೊಂದು ಬಳ್ಳಿಯ ಮಾತನ್ನು ಹೇಳದಿದ್ದರೆ ಈ ಬರಹ ಅಪೂರ್ಣವಾದೀತು. ಕೊರೋನಾ ಕಾಲದಲ್ಲಿ ನಮ್ಮ ಬೇವಿನ ಮರಗಳಿಗೆ ಹಬ್ಬಿದ ಅಮೃತಬಳ್ಳಿಗೆ ಎಲ್ಲಿಲ್ಲದ ಬೇಡಿಕೆ ಬಂದಿತು. ಇಲಿಗಳ ಯಕೃತ್ತನ್ನು ಕಾಪಾಡುತ್ತದೆಂದು ಹಲವು ಪ್ರಬಂಧಗಳು ಸಾರಿದ ಬಳ್ಳಿ ಅದು. ನಿತ್ಯವೂ ಕಷಾಯ ಕುಡಿದವರು ಎಷ್ಟೋ ಮಂದಿ. 2021ರಲ್ಲಿ ಮುಂಬಯಿಯ ವೈದ್ಯರು, ಅಮೃತಬಳ್ಳಿ ಸೇವಿಸಿದ ಬಳಿಕ ಕಾಮಾಲೆಯಾಗಿ ಬಂದ ಆರು ರೋಗಿಗಳ ವಿವರ ಪ್ರಕಟಿಸಿದರು. ಆಯುಷ್ ಸಚಿವಾಲಯ ಆಕ್ಷೇಪಿಸಿತು. ಅವರು ಸೇವಿಸಿದ್ದು ಅಮೃತಬಳ್ಳಿಯೇ ಅಥವಾ ಅದನ್ನು ಹೋಲುವ ಬೇರೊಂದು ಬಳ್ಳಿಯೇ ಎಂದು ಕೇಳಿತು. ಮರುವರ್ಷ ದೇಶದ 13 ಕೇಂದ್ರಗಳಿಂದ 43 ರೋಗಿಗಳ ಇನ್ನೊಂದು ವರದಿ ಬಂದಿತು. ಅವರಲ್ಲಿ ಹಲವರಿಗೆ ದೇಹದ ರೋಗನಿರೋಧಕ ಶಕ್ತಿಯೇ ಯಕೃತ್ತಿನ ಮೇಲೆ ತಿರುಗಿಬಿದ್ದ ಲಕ್ಷಣಗಳಿದ್ದವು. ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತದೆ ಎಂದೇ ತಾನೆ ನಾವೆಲ್ಲ ಅದನ್ನು ಕುಡಿದದ್ದು? ಕೋಟ್ಯಂತರ ಜನ ಕುಡಿದೂ ಕ್ಷೇಮವಾಗಿದ್ದಾರೆ, ನಿಜ. ಕುಡಿದವರಲ್ಲಿ ನಾನೂ ಇದ್ದೆ. ತುಣುಕಿನ ಪಾಠ ಕಲಿತೂ ನೆರೆಯವರು ಕೊಟ್ಟ ಲೋಟವನ್ನು ಬೇಡವೆನ್ನಲು ಸಂಕೋಚಪಟ್ಟೆ.

ಬಬಲೇಶ್ವರದ ತಂಗಿಯ ಹಿತ್ತಲಲ್ಲಿ ಮಳೆ ಬಿದ್ದೊಡನೆ ನಳದ ಕೆಳಗೆ ನೆಲನೆಲ್ಲಿ ತಾನಾಗಿ ಏಳುತ್ತದೆ. ಅದನ್ನು ಕಿತ್ತೊಗೆಯಬೇಕೆಂದು ನಾನು ಒಮ್ಮೆ ಬಾಗಿದಾಗ ಅವಳು ತಡೆದಳು. “ಇರಲಿ ಬಿಡಣ್ಣಾ, ಗಿಡದ್ದೇನ್ ತಪ್ಪು?” ಎಂದಳು. ನನ್ನ ತಪ್ಪಿನ ಬಗ್ಗೆ ಅವಳು ಇಷ್ಟು ವರ್ಷಗಳಲ್ಲಿ ಆಡಿದ ಅತ್ಯಂತ ಸಮೀಪದ ಮಾತು ಅದು. ಅತ್ತೆ ತೀರಿಕೊಂಡ ಮೇಲೆ ಓಣಿಯವರು ಕಾಮಣಿಗೆ ಸೊಪ್ಪು ಕೇಳಿಕೊಂಡು ಅವಳ ಬಾಗಿಲಿಗೇ ಬರುತ್ತಾರೆ. ಅವಳು ಒಳಗೆ ಕರೆದು ಕೂರಿಸಿ, ಒಂದೊಂದಾಗಿ ಕೇಳುತ್ತಾಳೆ: “ಬಸುರಿ ಇದ್ದಾರೇನ್ರಿ? ಎಷ್ಟ್ ದಿನ ಆತು? ನಿದ್ದಿ ಬಾಳ ಮಾಡ್ತಾರೇನು? ರಕ್ತ ತಪಾಸ ಮಾಡಿಸೀರೇನು?” ಕೊನೆಯ ಪ್ರಶ್ನೆಗೆ ಇಲ್ಲವೆಂಬ ಉತ್ತರ ಬಂದರೆ ಹಿತ್ತಲ ಬಾಗಿಲನ್ನು ತೆರೆಯುವುದಿಲ್ಲ. ವಿಜಯಪುರಕ್ಕೆ ಮುಂದಿನ ಬಸ್ಸು ಎಷ್ಟು ಗಂಟೆಗೆ ಎಂಬುದನ್ನು ಹೇಳುತ್ತಾಳೆ.