ಘಟ್ಟದ ಬುಡದವರೆಗೆ

‘ನಡಕೋತ ಹೋಗಾಂವ ವಿಮಾನ ಯಾಕ ಹತ್ತತಿ?’ ಎಂದು ಅವ್ವ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಅವಳ ಲೆಕ್ಕದಲ್ಲಿ ಪಾದಯಾತ್ರೆ ಅಂದರೆ ಹೊಸ್ತಿಲಲ್ಲೇ ಶುರು. ನಾನು ಹೈಸ್ಕೂಲಿನಲ್ಲಿದ್ದಾಗ ಯುಗಾದಿಗೆ ಮುಂಚೆ, ಜಮಖಂಡಿ ಕಡೆಯ ನಮ್ಮ ಊರಿನಿಂದ ಮಲ್ಲಯ್ಯನ ಕಂಬಿಯ ಹಿಂದೆ ಶ್ರೀಶೈಲಕ್ಕೆ ನಡೆದವಳು ಅವಳು. ಗಂಟಿನಲ್ಲಿ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಕೌದಿ. ಕೆಂಪು ಬಸ್ಸು ಅವಳನ್ನು ಮನೆಗೆ ವಾಪಸು ತಂದಿತ್ತೇ ಹೊರತು ದೇವರ ಹತ್ತಿರ ಒಯ್ದಿರಲಿಲ್ಲ.

ನನ್ನ ಯಾತ್ರೆಯ ಕಥೆ ಬೇರೆ. ಸ್ಪೇನಿನ ಸಾಂತಿಯಾಗೊ ದೆ ಕೊಂಪೊಸ್ತೆಲಾದಲ್ಲಿ ಯೇಸುವಿನ ಶಿಷ್ಯ ಯಾಕೋಬನ ಸಮಾಧಿಯಿದೆ ಎಂಬುದು ಸಾವಿರ ವರ್ಷಕ್ಕೂ ಹಳೆಯ ನಂಬಿಕೆ. ಅಲ್ಲಿಗೆ ಹೋಗುವ ಕಾಲುದಾರಿಗಳಿಗೆ ಕಾಮಿನೊ ಎಂದು ಹೆಸರು. ಅವುಗಳಲ್ಲಿ ಹೆಚ್ಚು ಜನ ಹಿಡಿಯುವ ‘ಫ್ರೆಂಚ್ ದಾರಿ’ಯನ್ನು ಇಡಿಯಾಗಿ ನಡೆಯುವವರು ಸಾಮಾನ್ಯವಾಗಿ ಫ್ರಾನ್ಸಿನ ಗಡಿಯೂರು ಸ್ಯಾಂ-ಝಾಂ-ಪಿಯೆ-ದ-ಪೋರ್‌ನಿಂದ ಹೊರಡುತ್ತಾರೆ, ಅಲ್ಲಿಂದ ಸುಮಾರು 780 ಕಿಲೋಮೀಟರ್. ಉದ್ದ ಹೆಸರಿಗೆ ಅರ್ಥ ಸರಳ: ಘಟ್ಟದ ಬುಡದ ಸಂತ ಯೋಹಾನ. ಪೋರ್ ಅಂದರೆ ಬಂದರಲ್ಲ, ಪಿರನೀಸ್ ಬೆಟ್ಟದಲ್ಲಿ ದಾಟಲು ಸಿಗುವ ಸಂದು. ಈ ಬುಡ ಮುಟ್ಟಲು ಬೆಂಗಳೂರಿನಿಂದ ಒಂದು ವಿಮಾನ, ಪ್ಯಾರಿಸ್ಸಿನ ಒಂದು ಲೋಕಲ್, ಒಂದು ಮೆಟ್ರೊ, ಒಂದು ವೇಗದ ರೈಲು, ಒಂದು ಪುಟ್ಟ ರೈಲು ಬೇಕು.

ನಾನು ಹಾಕಿದ ಯೋಜನೆ ನನಗೇ ಮೆಚ್ಚುಗೆಯಾಗಿತ್ತು. ರಾತ್ರಿ ಬೆಂಗಳೂರು ಬಿಡುವುದು, ಎಂಟರ ಸುಮಾರಿಗೆ ಪ್ಯಾರಿಸ್, ಹತ್ತೂವರೆಗೆ ಮೊಂಪಾರ್ನಾಸ್ ನಿಲ್ದಾಣದಿಂದ ಬಯೋನ್‌ಗೆ ರೈಲು, ನಾಲ್ಕು ತಾಸಿನ ದಾರಿ, ಅಲ್ಲಿಂದ ಇನ್ನೊಂದು ತಾಸು. ಸಂಜೆಗೆ ಸ್ಯಾಂ-ಝಾಂ, ಮರುದಿನ ಬೆಳಕು ಹರಿಯುವಾಗ ಬೆಟ್ಟ. ಹುಬ್ಬಳ್ಳಿಗೆ ಹೋದಾಗ ಭಾವನಿಗೆ ತೋರಿಸಿದೆ. ಅಕ್ಕನ ಗಂಡ, ನಿವೃತ್ತ ಸ್ಟೇಷನ್ ಮಾಸ್ಟರ್. ಕೆಲವು ವರ್ಷ ಕ್ಯಾಸಲ್‌ರಾಕ್‌ನಲ್ಲಿ ಮಳೆ, ಮಂಜು, ಗೂಡ್ಸ್ ಗಾಡಿಗಳ ನಡುವೆ ಕಳೆದವರು. ಕನ್ನಡಕ ಏರಿಸಿ ಒಂದು ಸಲ ಓದಿದರು.

‘ಇದು ಟೈಮ್‌ಟೇಬಲ್ ಅಲ್ಲ ತಮ್ಮಾ, ಹರಕಿ.’

ಆಮೇಲೆ ಮೊಮ್ಮಗಳ ಗ್ರಾಫ್ ಹಾಳೆ ತರಿಸಿದರು. ರೈಲ್ವೆ ಕಂಟ್ರೋಲ್ ಆಫೀಸಿನಲ್ಲಿ ಮಾಡುವ ಹಾಗೆ ಅಡ್ಡಕ್ಕೆ ಗಂಟೆ, ಉದ್ದಕ್ಕೆ ಊರು ಬರೆದು ನನ್ನ ಪ್ರತಿ ಗಾಡಿಗೂ ಒಂದು ಓರೆಗೆರೆ ಎಳೆದರು. ನನ್ನ ಗೆರೆಗಳು ಒಂದರ ಬಾಲ ಇನ್ನೊಂದು ಕಚ್ಚಿಕೊಂಡಿದ್ದವು. ‘ಇಳಿಯೂ ಗಾಡಿ ತಡ ಆತು ಅನ್ನು. ಹತ್ತೂ ಗಾಡಿ ನಿನ್ನ ಸಲುವಾಗಿ ನಿಂದರತದೇನು?’ ಕೆಂಪು ಪೆನ್ಸಿಲ್ಲಿನಿಂದ ಗೆರೆಗಳ ನಡುವೆ ಅಂತರ ಬಿಡಿಸಿದರು: ಪ್ಯಾರಿಸ್ಸಿನಲ್ಲಿ ಆರು ತಾಸು, ಬಯೋನ್‌ನಲ್ಲಿ ಒಂದು ರಾತ್ರಿ. ಒಂದು ದಿನ ದಂಡ ಎಂದು ನಾನು ಗೊಣಗಿದೆ. ಐದು ವಾರ ನಡೆಯಲು ಹೊರಟವನು ಒಂದು ದಿನಕ್ಕೆ ಜಿಪುಣತನ ಮಾಡುವುದು ನನಗೇ ವಿಚಿತ್ರ ಕಂಡು ಸುಮ್ಮನಾದೆ.

ಇನ್ನೊಂದು ದಾರಿಯೂ ಇತ್ತು. ಮ್ಯಾಡ್ರಿಡ್‌ಗೆ ಇಳಿದು, ರೈಲಿನಲ್ಲಿ ಪಾಂಪ್ಲೋನಾ, ಅಲ್ಲಿಂದ ಸೀಸನ್ನಿನಲ್ಲಿ ಓಡುವ ಬಸ್ಸು. ವಾಪಸು ಬರುವುದು ಹೇಗೂ ಮ್ಯಾಡ್ರಿಡ್‌ನಿಂದಲೇ, ಹೋಗಿಬರುವ ಟಿಕೆಟ್ ಒಂದೇ ಊರಿಗಾಗುತ್ತದೆ. ಆದರೆ ಆ ಬಸ್ಸು ಪಿರನೀಸ್ ದಾಟಿ ಫ್ರಾನ್ಸಿಗೆ ಇಳಿಯುತ್ತದೆ. ಮರುದಿನ ಅದೇ ಬೆಟ್ಟವನ್ನು ಕಾಲಿನಲ್ಲಿ ಹತ್ತಿ ಬಿಟ್ಟುಬಂದ ದೇಶಕ್ಕೆ ಮರಳಬೇಕು. ಬಿಡಿಸಿದ ಗಂಟನ್ನು ಮತ್ತೆ ಕಟ್ಟಿದ ಹಾಗೆ. ನನಗೆ ಒಗ್ಗಲಿಲ್ಲ.

ಭಾವನಿಗೆ ಮಾತ್ರ ಸ್ಪೇನ್ ಬಿಡಲು ಮನಸ್ಸಿರಲಿಲ್ಲ, ಅದೂ ಹಳಿಯ ಕಾರಣಕ್ಕೆ. ಫ್ರಾನ್ಸಿನ ಹಳಿಗಳ ನಡುವಿನ ಅಗಲ 1435 ಮಿಲಿಮೀಟರ್. ಸ್ಪೇನಿನ ಹಳೆಯ ಮಾರ್ಗಗಳದ್ದು 1668. ಅದಕ್ಕೇ ಪ್ಯಾರಿಸ್ಸಿನಿಂದ ಬಯೋನ್ ದಾಟಿ ಹೋಗುವ ಫ್ರೆಂಚ್ ವೇಗದ ರೈಲುಗಳು ಗಡಿಯ ಆಂದಾಯ್, ಇರುನ್ ಊರುಗಳಿಂದಾಚೆಗೆ ಓಡುವುದಿಲ್ಲ. ‘ನಮ್ಮ ಬ್ರಾಡ್‌ಗೇಜ್ 1676. ಬರೇ ಎಂಟು ಮಿಲಿಮೀಟರ್ ಫರಕು ನೋಡು! ಸ್ಪೇನಿನವ್ರು ನಮ್ಮ ಬೀಗರಿದ್ದಂಗ’ ಎಂದು ಖುಷಿಪಟ್ಟರು. ರೈಲ್ವೆಯವರ ನೆಂಟಸ್ತಿಕೆ ಹೀಗೂ ಇರುತ್ತದೆ.

ವೀಸಾ ಕಾಗದಗಳ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ಇಳಿಯುವುದು ಫ್ರಾನ್ಸಿನಲ್ಲಾದರೂ ಹೆಚ್ಚು ರಾತ್ರಿ ಕಳೆಯುವುದು ಸ್ಪೇನಿನಲ್ಲಿ, ಹಾಗಾಗಿ ಅರ್ಜಿ ಸ್ಪೇನಿಗೆ. 30,000 ಯೂರೊ ಮೊತ್ತದ ವಿಮೆ, 90 ಯೂರೊ ಶುಲ್ಕ. ತಮಾಷೆಯೆಂದರೆ ಪ್ರತಿ ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದಕ್ಕೆ ಅರ್ಜಿಯ ಜೊತೆ ಪುರಾವೆ ಇಡಬೇಕು. ಕಾಮಿನೊ ದಾರಿಯ ಊರ ಛತ್ರಗಳಲ್ಲಿ ಬಹುಪಾಲು ಮುಂಗಡ ಕಾದಿರಿಸುವ ಪದ್ಧತಿಯೇ ಇಲ್ಲ, ಮೊದಲು ಬಂದವರಿಗೆ ಮೊದಲ ಹಾಸಿಗೆ. ಕೊನೆಗೆ ಮೂವತ್ತನಾಲ್ಕು ಊರುಗಳ ಪಟ್ಟಿ ಮಾಡಿ, ಖಾಸಗಿ ವಸತಿಗಳನ್ನು ರದ್ದುಮಾಡಬಹುದಾದ ಷರತ್ತಿನಲ್ಲಿ ಹಿಡಿದು ಕೊಟ್ಟೆ. ವಾಪಸು ಟಿಕೆಟ್ಟಿಗೆ ಭಾವನ ಕೆಂಪು ಪೆನ್ಸಿಲ್ ನಾಲ್ಕು ದಿನ ಸೇರಿಸಿತು, ಮೊಣಕಾಲಿನ ಹೆಸರಿನಲ್ಲಿ.

ತಿಂಗಳ ಆಯ್ಕೆಯನ್ನು ಬೆಟ್ಟವೇ ಮಾಡಿತ್ತು. ನೆಪೋಲಿಯನ್ ಹೆಸರಿನ ಮೇಲ್ದಾರಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಮುಚ್ಚಿರುತ್ತದೆ. ಹಿಮ, ಮಂಜಿನಲ್ಲಿ ದಾರಿ ತಪ್ಪಿ ಸತ್ತವರಿದ್ದಾರೆ. ಆಗ ಕೆಳಗಿನ ವಾಲ್ಕಾರ್ಲೋಸ್ ಕಣಿವೆಯಲ್ಲೇ ಹೋಗಬೇಕು. ನಾನು ಏಪ್ರಿಲ್ ಕೊನೆ ಹಿಡಿದೆ. ರೈಲು ಟಿಕೆಟ್ ಮೂರು ತಿಂಗಳ ಮುಂಚೆಯೇ ತೆಗೆದೆ. ಅಲ್ಲಿ ದಿನ ಹತ್ತಿರವಾದಷ್ಟೂ ದರ ಏರುತ್ತದೆ. ‘ನಮ್ಮಲ್ಲಿ ಅರವತ್ತು ದಿವಸ, ಅದಕ್ಕೂ ಮುಂಚೆ ಕೇಳಿದರ ಹುಚ್ಚ ಅಂತಾರ’ ಎಂದರು ಭಾವ.

ಚೀಲ ಎಂಟು ಕಿಲೋ. ಊರುಗೋಲುಗಳನ್ನು ವಿಮಾನದೊಳಗೆ ಬಿಡುವುದಿಲ್ಲ, ಲಗೇಜಿಗೇ ಹಾಕಬೇಕು. ಚೀಲದ ಪಟ್ಟಿಗಳು ಬೆಲ್ಟಿಗೆ ಸಿಕ್ಕಿ ಹರಿಯದಂತೆ ಅಕ್ಕ ಹಳೆಯ ಚಾದರದಲ್ಲಿ ಒಂದು ಗವಸು ಹೊಲಿದುಕೊಟ್ಟಳು. ಪ್ಯಾರಿಸ್ಸಿನ ಬೆಲ್ಟಿನ ಮೇಲೆ ಕರಿ ಸೂಟ್‌ಕೇಸ್‌ಗಳ ನಡುವೆ ದೊಡ್ಡ ಗುಲಾಬಿ ಹೂವಿನ ಆ ಗಂಟು ಉರುಳಿಬಂದಾಗ, ಯಾರೋ ನಮ್ಮೂರ ಸಂತೆಯಿಂದ ಬಂದು ಇಳಿದಂತಾಯಿತು.

ವಿಮಾನ ಸಮಯಕ್ಕೆ ಸರಿಯಾಗಿ ಮುಟ್ಟಿತ್ತು, ಸಾಲುಗಳೂ ಬೇಗ ಕರಗಿದವು. ಅಂದರೆ ನನ್ನ ಮೊದಲ ಯೋಜನೆಯೇ ಸರಿಯಿತ್ತು! ಈ ಹೆಮ್ಮೆಯಲ್ಲಿ ಆರ್‌ಇಆರ್ ಬಿ ಲೋಕಲ್ ಹತ್ತಿದೆ. ಅದು ಊರಿನ ನಡುವೆ ನೆಲದಡಿ ನುಗ್ಗಿ ಶಾತ್ಲೆ ನಿಲ್ದಾಣಕ್ಕೆ ಬಂದಾಗ, ತಲೆಯ ಮೇಲೆ ಸ್ವಲ್ಪ ದೂರದಲ್ಲಿ ಸ್ಯಾಂ-ಝಾಕ್ ಗೋಪುರವಿದೆ ಎಂಬುದು ನೆನಪಾಯಿತು. ಸಂತ ಯಾಕೋಬನ ಹೆಸರಿನ ಇಗರ್ಜಿಯೊಂದರಲ್ಲಿ ಉಳಿದದ್ದು ಆ ಗೋಪುರ ಮಾತ್ರ. ಹಿಂದೆ ಪ್ಯಾರಿಸ್ಸಿನ ಯಾತ್ರಿಕರು ಅಲ್ಲಿಂದ ಸೇನ್ ನದಿ ದಾಟಿ, ಈಗಲೂ ಸ್ಯಾಂ-ಝಾಕ್ ಎಂದೇ ಕರೆಯುವ ಬೀದಿಯಲ್ಲಿ ದಕ್ಷಿಣಕ್ಕೆ ನಡೆಯುತ್ತಿದ್ದರು. ಅವರ ಕಾಲಡಿಯಲ್ಲಿ ನಾನು ದಾಂಫೇರ್-ರೊಶ್ರೋವರೆಗೆ ಹೋಗಿ, ಮೆಟ್ರೊ ಬದಲಿಸಿ ಮೊಂಪಾರ್ನಾಸ್ ಸೇರಿದೆ.

ಇನ್ನೂ ನಾಲ್ಕು ತಾಸು ಬಾಕಿ. ಬೆಂಚಿನ ಮೇಲೆ ಚೀಲ ತಲೆದಿಂಬು ಮಾಡಿ ಕಣ್ಣು ಮುಚ್ಚಿದವನು ಎದ್ದಾಗ ರೈಲಿಗೆ ಇಪ್ಪತ್ತೈದು ನಿಮಿಷವಿತ್ತು. ಕೆಲವು ರೈಲು ಹಿಂಬದಿಯ ವೋಜಿರಾರ್ ಹಾಲ್‌ನಿಂದ ಹೊರಡುತ್ತವೆ ಎಂದು ಎಲ್ಲೋ ಓದಿದ್ದೆ; ಬೋರ್ಡ್ ನೋಡದೆ, ಪ್ಲಾಟ್‌ಫಾರ್ಮಿನುದ್ದಕ್ಕೂ ನಡೆದು ಅಲ್ಲಿಗೇ ಹೋದೆ. ಅಲ್ಲಿ ನನ್ನ ಗಾಡಿಯ ಸುಳಿವಿಲ್ಲ. ನನ್ನದು ಮುಖ್ಯ ಹಾಲ್‌ನಲ್ಲಿ. ಹೊರಡುವ ಎರಡು ನಿಮಿಷ ಮೊದಲೇ ಬಾಗಿಲು ಮುಚ್ಚುತ್ತಾರೆ. ಚೀಲ ಬೆನ್ನಿಗೆ ಬಡಿಯುತ್ತ ಓಡಿದೆ. ಹತ್ತಿ ಕೂತ ಮೇಲೂ ಎದೆ ಹೊಡೆದುಕೊಳ್ಳುತ್ತಿತ್ತು. ಅಂತರ ಬಿಟ್ಟದ್ದರಿಂದಲೇ ನಿದ್ದೆ, ನಿದ್ದೆಯಿಂದಲೇ ಓಟ. ಇದನ್ನು ಭಾವನಿಗೆ ಇವತ್ತಿನವರೆಗೂ ಹೇಳಿಲ್ಲ.

2017ರಲ್ಲಿ ತೂರ್‌ನಿಂದ ಬೋರ್ಡೊವರೆಗಿನ ಹೊಸ ಹಳಿ ತೆರೆದ ಮೇಲೆ ಪ್ಯಾರಿಸ್-ಬೋರ್ಡೊ ಎರಡು ತಾಸಿನ ಮಾತು. ಹಳೆಯ ಯಾತ್ರಿಕರು ವಾರಗಟ್ಟಲೆ ನಡೆದ ಬಯಲು ಕಿಟಕಿಯಲ್ಲಿ ಹಸಿರು ಬಣ್ಣದ ಪಟ್ಟಿಯಾಗಿ ಹರಿಯಿತು. ಬೋರ್ಡೊ ನಂತರ ಲಾಂದ್ ಸೀಮೆಯ ಪೈನ್ ಮರಗಳು, ಮುಗಿಯದ ಪೈನ್ ಮರಗಳು.

ದಂಡ ಎಂದುಕೊಂಡಿದ್ದ ಬಯೋನ್ ಸಂಜೆಯನ್ನು ಈಗ ಯಾರು ಕೇಳಿದರೂ ಕೊಡಲಾರೆ. ನಿಲ್ದಾಣವಿರುವುದು ಅಡೂರ್ ನದಿಯ ಸ್ಯಾಂ-ಎಸ್‌ಪ್ರಿ ದಂಡೆಯಲ್ಲಿ. ಸ್ಪೇನ್, ಪೋರ್ಚುಗಲ್‌ಗಳಿಂದ ಓಡಿಬಂದ ಯಹೂದಿಗಳು ನೆಲೆಸಿದ ಕೇರಿ ಅದು. ಚಾಕೊಲೇಟ್ ಮಾಡುವ ವಿದ್ಯೆಯನ್ನು ಈ ಊರಿಗೆ ತಂದವರು ಅವರೇ. ಉದ್ದ ಸೇತುವೆ ದಾಟಿದರೆ ನೀವ್ ಎಂಬ ಚಿಕ್ಕ ಹೊಳೆ ಅಡೂರ್‌ಗೆ ಸೇರುವ ಮೂಲೆಯಲ್ಲಿ ಹಳೇ ಪೇಟೆ. ಬಯೋನ್ ಹೆಸರಾದದ್ದು ಒಣಗಿಸಿದ ಹಂದಿಮಾಂಸಕ್ಕೆ. ನನ್ನಂಥ ಲಿಂಗಾಯತ ಹೊಟ್ಟೆಗೆ ಚಾಕೊಲೇಟೇ ಗತಿ. ಪೋರ್-ನೆಫ್ ಬೀದಿಯ ಕಮಾನುಗಳ ಕೆಳಗೆ ಗಟ್ಟಿ ನೊರೆಯ ಬಿಸಿ ಬಟ್ಟಲು ಹಿಡಿದು ಕೂತೆ. ಅಂಗಡಿ ಬೋರ್ಡುಗಳಲ್ಲಿ ಫ್ರೆಂಚಿನ ಪಕ್ಕ ಬಾಸ್ಕ್ ನುಡಿ, ಸುತ್ತಲಿನ ಯಾವ ನುಡಿಗೂ ನಂಟಿಲ್ಲದ ಒಂಟಿ ಭಾಷೆ. ಅದರಲ್ಲಿ ಸ್ಯಾಂ-ಝಾಂ ಊರಿನ ಹೆಸರು ದೊನಿಬಾನೆ ಗರಾಜಿ.

ಮರುದಿನದ ಪುಟ್ಟ ರೈಲಿನಲ್ಲಿ ಟಿಕೆಟ್ ನೋಡುವ ಮುಂಚೆಯೇ ಎಲ್ಲರೂ ಎಲ್ಲಿಗೆಂದು ಗೊತ್ತಾಗುತ್ತಿತ್ತು. ಎಲ್ಲರ ಕಾಲಲ್ಲಿ ಹೊಸ ಬೂಟು, ಚೀಲಕ್ಕೆ ನೇತುಬಿದ್ದ ಯಾತ್ರಿಕರ ಗುರುತಿನ ಚಿಪ್ಪು, ಮುಖದ ಮೇಲೆ ಪರೀಕ್ಷೆಯ ಬೆಳಗಿನ ಕಳೆ. ದಿನಕ್ಕೆ ಬೆರಳೆಣಿಕೆಯ ಗಾಡಿಗಳು, ಒಂದೇ ಹಳಿ. ನೀವ್ ಹೊಳೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಕಾಂಬೊ, ಬಿದಾರೆ ಆದ ಮೇಲೆ ಕಣಿವೆ ಕಿರಿದಾಗುತ್ತ ಹೋಯಿತು. ಬಿಳಿ ಗೋಡೆ, ಕೆಂಪು ಕಿಟಕಿ ಬಾಗಿಲಿನ ಮನೆಗಳು, ಇಳಿಜಾರಿನಲ್ಲಿ ಕುರಿ. ಒಂದು ತಾಸಿಗೆ ಹಳಿಯೇ ಮುಗಿಯಿತು.

ಸಿಟಾಡೆಲ್ ಬೀದಿಯ ಯಾತ್ರಿಕರ ಕಚೇರಿಗೆ ದಾರಿ ಕೇಳಬೇಕಾಗಿಲ್ಲ, ಚೀಲಗಳ ಹಿಂದೆ ಹೋದರಾಯಿತು. ಒಳಗೆ ಉದ್ದ ಮೇಜಿನ ಹಿಂದೆ ಸ್ವಯಂಸೇವಕರು. ನನ್ನ ಮುಂದೆ ನಿಂತಿದ್ದ ಅರವತ್ತು ದಾಟಿದ ಹೆಂಗಸಿನ ಬೂಟಿಗೆ ಬಣ್ಣವೇ ಉಳಿದಿರಲಿಲ್ಲ. ಅವಳ ಯಾತ್ರಾಪುಸ್ತಕದ ಮನೆಗಳೆಲ್ಲ ಮುದ್ರೆಗಳಿಂದ ತುಂಬಿ ಎರಡನೆಯದನ್ನು ಕೇಳುತ್ತಿದ್ದಳು. ಫ್ರಾನ್ಸಿನದೇ ಲ ಪ್ಯುಯಿ ಊರಿನಿಂದ ಹೊರಟವಳು, ಏಳುನೂರಕ್ಕೂ ಹೆಚ್ಚು ಕಿಲೋಮೀಟರ್ ಆಗಲೇ ನಡೆದಿದ್ದಾಳೆ! 12ನೇ ಶತಮಾನದ ಕೋಡೆಕ್ಸ್ ಕ್ಯಾಲಿಕ್ಸ್ಟಿನಸ್ ಎಂಬ ಹಸ್ತಪ್ರತಿ ಹೇಳುವ ಫ್ರಾನ್ಸಿನೊಳಗಿನ ನಾಲ್ಕು ದಾರಿಗಳಲ್ಲಿ ಅವಳದೂ ಒಂದು. ಅವುಗಳಲ್ಲಿ ಮೂರು ಇಲ್ಲೇ ಹತ್ತಿರದ ಓಸ್ತಾಬಾ ಬಳಿ ಕೂಡುತ್ತವೆ. ಆ ಕಾಲದವರಿಗೆ ಹೊರಡುವ ಊರೆಂದು ಬೇರೆ ಇರಲಿಲ್ಲ, ಅವರವರ ಮನೆಯೇ. ರೈಲಿನಿಂದಿಳಿದ ನನ್ನಂಥವರು ಇದನ್ನು ಆರಂಭ ಎನ್ನುತ್ತೇವೆ, ಅವಳಿಗೆ ಇದು ನಡುದಾರಿಯ ಒಂದು ಊರು.

‘ಎಲ್ಲಿಂದ ಹೊರಟಿರಿ?’ ಸ್ವಯಂಸೇವಕ ಕೇಳಿದ. ‘ಬೆಂಗಳೂರು’ ಎಂದೆ. ಆತ ನಕ್ಕು, ಫಾರಂನಲ್ಲಿ ಸ್ಯಾಂ-ಝಾಂ ಎಂದು ಬರೆದುಕೊಂಡು, ಖಾಲಿ ಪುಸ್ತಕದ ಮೊದಲ ಮನೆಗೆ ಮುದ್ರೆ ಒತ್ತಿದ. ಜೊತೆಗೆ ಎರಡು ಹಾಳೆ ಕೊಟ್ಟ: ಒಂದು ಛತ್ರಗಳ ಪಟ್ಟಿ, ಇನ್ನೊಂದು ದಿನದಿನದ ಏರಿಳಿತದ ನಕ್ಷೆ. ನಕ್ಷೆಯ ಮೊದಲ ದಿನದ ಗೆರೆ ಭಾವನ ಗ್ರಾಫ್ ಹಾಳೆಯಿಂದ ಎದ್ದು ಬಂದಂತಿತ್ತು, ಅಷ್ಟು ಓರೆ. ಫೋಟೊ ತೆಗೆದು ಅವರಿಗೆ ಕಳಿಸಿದೆ.

ಹುಬ್ಬಳ್ಳಿಯಲ್ಲಿ ರಾತ್ರಿ ಒಂಬತ್ತೂವರೆ. ಫೋನು ಮೊದಲು ಅವ್ವನ ಕೈಯಲ್ಲಿ. ‘ಎಷ್ಟು ದೂರ ನಡದಿಯೋ?’

‘ನಾಳೆ ಹೊರಡತೀನವ್ವಾ.’

‘ಮನಿ ಬಿಟ್ಟು ಮೂರು ದಿನ ಆತು, ಇನ್ನೂ ಹೊಂಟಿಲ್ಲ?’

ಭಾವ ಫೋನು ಇಸಿದುಕೊಂಡರು. ‘ಊರು ಎಷ್ಟು ಎತ್ತರದಾಗ ಐತಿ?’

‘ಹತ್ತಿರ ಹತ್ತಿರ 170 ಮೀಟರ್. ಘಟ್ಟದ ನೆತ್ತಿ 1430.’

‘ನಡುವ ದೂರ?’

‘ಇಪ್ಪತ್ತು ಕಿಲೋಮೀಟರ್, ಸ್ವಲ್ಪ ಜಾಸ್ತಿ.’

ಪೆನ್ಸಿಲ್ ಗೀಚುವ ಸದ್ದು ಕೇಳಿಸಿತು. ‘ಹದಿನಾರಕ್ಕ ಒಂದು ಬಿತ್ತಲ್ಲೋ ತಮ್ಮಾ! ನಮ್ಮ ಕ್ಯಾಸಲ್‌ರಾಕ್ ಘಾಟಿನ್ಯಾಗ ಮೂವತ್ತೇಳಕ್ಕ ಒಂದು. ಅಷ್ಟಕ್ಕ ಹಿಂದಿನಿಂದ ನೂಕಾಕ ಬ್ಯಾಂಕರ್ ಎಂಜಿನ್ ಹಚ್ಚತಿದ್ವಿ. ನಿನ್ನ ಹಿಂದ ಯಾರದಾರ?’