ಹಲ್ಲು ನಿಜ, ಮೀನು ಸಿನಿಮಾದ್ದು

'ದ ಮೆಗ್' ಸಿನಿಮಾವನ್ನು ಪೂರ್ತಿ ನೋಡದಿದ್ದರೂ ಅದರ ಒಂದು ತುಣುಕು ನಿಮ್ಮ ಫೋನಿಗೆ ಬಂದೇ ಇರುತ್ತದೆ. ಸಮುದ್ರದೊಳಗೆ ಗಾಜಿನ ಸುರಂಗ. ಅದರೊಳಗೆ ಪುಟ್ಟ ಹುಡುಗಿ ಒಬ್ಬಳೇ ಇದ್ದಾಳೆ. ಹೊರಗಿನ ನೀಲಿ ಕತ್ತಲಲ್ಲಿ ಏನೋ ಅಲುಗಾಡುತ್ತದೆ. ನೋಡನೋಡುತ್ತಲೇ ಕೋಣೆಯಷ್ಟು ದೊಡ್ಡ ಬಾಯಿ ಬಂದು ಗಾಜನ್ನು ಕಚ್ಚಿ ಹೋಗುತ್ತದೆ. ಗಾಜಿನ ಮೇಲೆ ಹಲ್ಲಿನ ಗುರುತು ಮಾತ್ರ ಉಳಿಯುತ್ತದೆ.

2018ರ ಆಗಸ್ಟ್‌ನಲ್ಲಿ ಬಂದ ಸಿನಿಮಾ ಇದು. ಅಮೆರಿಕ ಮತ್ತು ಚೀನಾದವರು ಸೇರಿ ಮಾಡಿದ್ದು. ಸ್ಟೀವ್ ಆಲ್ಟನ್ 1997ರಲ್ಲಿ ಬರೆದ ಕಾದಂಬರಿ ಇದಕ್ಕೆ ಆಧಾರ. ಹೀರೋ ಜೇಸನ್ ಸ್ಟೇಥಮ್, ಜೊತೆಗೆ ಚೀನಾದ ನಟಿ ಲಿ ಬಿಂಗ್‌ಬಿಂಗ್. ಸ್ಟೇಥಮ್ ನೀರಿಗೆ ಹಾರುವುದನ್ನು ನೋಡಿ "ಇದೂ ಗ್ರಾಫಿಕ್ಸೇ" ಅನ್ನುವವರಿಗೆ ಒಂದು ಮಾತು: ಆತ ನಟನಾಗುವ ಮೊದಲು ಡೈವಿಂಗ್ ಸ್ಪರ್ಧಿ. 1990ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇಂಗ್ಲೆಂಡ್ ಪರ ಹಾರಿದವನು. ಇಡೀ ಸಿನಿಮಾದಲ್ಲಿ ಅಪ್ಪಟ ನಿಜ ಅಂತಿದ್ದರೆ ಬಹುಶಃ ಅದೊಂದೇ.

ನಮಗೆ ಈ ಸಿನಿಮಾ ಇಷ್ಟ. ಕಥೆಯಲ್ಲಿ ಹೊಸದೇನಿಲ್ಲ, ಯಾರು ಸಾಯುತ್ತಾರೆ ಅನ್ನುವುದು ಅರ್ಧ ಗಂಟೆ ಮೊದಲೇ ಗೊತ್ತಾಗುತ್ತದೆ. ಆದರೂ ಕೊನೆಯಲ್ಲಿ ಚೀನಾದ ಸಾನ್ಯಾ ಕಡಲತೀರದಲ್ಲಿ ಟ್ಯೂಬು ಹಾಕಿಕೊಂಡು ತೇಲುತ್ತಿರುವ ನೂರಾರು ಜನರ ಕೆಳಗೆ ಆ ಮೀನು ಹಾದುಹೋಗುವಾಗ ಕಾಲು ಮೇಲೆತ್ತಿಕೊಂಡು ಕೂರದವರು ಯಾರೂ ಇರಲಿಕ್ಕಿಲ್ಲ. ನಮ್ಮ ತಕರಾರು ಸಿನಿಮಾದ ಮೇಲಲ್ಲ. ಅದನ್ನು ಕತ್ತರಿಸಿ "ಈಗ ಬಂದ ಸುದ್ದಿ" ಅಂತ ಹಂಚುವವರ ಮೇಲೆ.

ಮೊದಲು ಸಿನಿಮಾ ಹೇಳುವ ಸುಳ್ಳು ಯಾವುದು ಅಂತ ನೋಡೋಣ. ಪೆಸಿಫಿಕ್ ಸಾಗರದಲ್ಲಿ ಮರಿಯಾನಾ ಕಂದಕ ಅಂತ ಇದೆ, ಭೂಮಿಯ ಮೇಲೆ ಅದಕ್ಕಿಂತ ಆಳದ ಜಾಗ ಇಲ್ಲ. ಅತಿ ಆಳದ ಜಾಗದಲ್ಲಿ ಸುಮಾರು 10,900 ಮೀಟರ್, ಅಂದರೆ ಹನ್ನೊಂದು ಕಿಲೋಮೀಟರಿಗೆ ಹತ್ತಿರ. ಅದರ ತಳ ಅಂತ ನಾವು ತಿಳಿದಿರುವುದು ತಳವೇ ಅಲ್ಲ, ಅದೊಂದು ತಣ್ಣನೆಯ ಅನಿಲದ ಪದರ, ಅದರ ಕೆಳಗೆ ಇನ್ನೊಂದು ಬೆಚ್ಚಗಿನ ಸಮುದ್ರ ಇದೆ, ಅಲ್ಲಿ ಲಕ್ಷಾಂತರ ವರ್ಷಗಳಿಂದ ಮೆಗಲೊಡಾನ್ ಅನ್ನುವ ಶಾರ್ಕ್ ಬದುಕಿಕೊಂಡಿದೆ ಅನ್ನುತ್ತದೆ ಸಿನಿಮಾ. ಅಂಥ ಪದರ ಎಲ್ಲೂ ಇಲ್ಲ. ಆದರೆ ಗಮನಿಸಿ, ಕಥೆ ಕಟ್ಟಿದವರಿಗೂ ಅದು ಗೊತ್ತು. ಈ ಮೀನು ಇವತ್ತು ಬದುಕಿರಲು ಸಾಧ್ಯವಿಲ್ಲ ಅಂತ ಗೊತ್ತಿದ್ದರಿಂದಲೇ ಅದಕ್ಕೊಂದು ಸುಳ್ಳು ಸಮುದ್ರವನ್ನೇ ಕಟ್ಟಿಕೊಟ್ಟರು. ಹೂರಣ ಬೇಕಿತ್ತು, ಕಣಕ ಸುತ್ತಿದರು.

ಮೆಗಲೊಡಾನ್ ಮಾತ್ರ ಕಟ್ಟುಕಥೆಯಲ್ಲ. ಸುಮಾರು 2 ಕೋಟಿ ವರ್ಷಗಳ ಹಿಂದಿನಿಂದ ಸುಮಾರು 36 ಲಕ್ಷ ವರ್ಷಗಳ ಹಿಂದಿನವರೆಗೂ ಈ ಭೂಮಿಯ ಸಮುದ್ರಗಳಲ್ಲಿ ಅದು ಇತ್ತು. ತಿಮಿಂಗಿಲಗಳನ್ನು ತಿನ್ನುತ್ತಿತ್ತು. ಹಳೆಯ ತಿಮಿಂಗಿಲ ಮೂಳೆಗಳ ಮೇಲೆ ಅದರ ಹಲ್ಲಿನ ಗೀರುಗಳು ಸಿಕ್ಕಿವೆ. ಹೆಸರಿನ ಅರ್ಥವೇ 'ದೊಡ್ಡ ಹಲ್ಲು'. ದೊಡ್ಡ ಹಲ್ಲುಗಳು 17 ಸೆಂಟಿಮೀಟರಿನಷ್ಟು, ಅಂಗೈ ಬಿಡಿಸಿ ಇಟ್ಟರೆ ಅಂಗೈ ಪೂರ್ತಿ ತುಂಬುತ್ತದೆ.

ಹಲ್ಲಿನದೇ ಒಂದು ಕಥೆ ಇದೆ. ಯೂರೋಪಿನ ಜನ ಶತಮಾನಗಳ ಕಾಲ ಈ ಕಲ್ಲಾದ ಹಲ್ಲುಗಳನ್ನು 'ನಾಲಿಗೆ ಕಲ್ಲು' ಅನ್ನುತ್ತಿದ್ದರು. ಹಾವಿನ ನಾಲಿಗೆ, ಡ್ರ್ಯಾಗನ್ ನಾಲಿಗೆ ಕಲ್ಲಾಗಿದೆ ಅಂತ ನಂಬಿಕೆ. ವಿಷ ತಾಗದಿರಲಿ ಅಂತ ತಾಯಿತದ ಹಾಗೆ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು. 1666ರಲ್ಲಿ ಇಟಲಿಯ ಲಿವೋರ್ನೋ ಹತ್ತಿರ ಮೀನುಗಾರರಿಗೆ ಒಂದು ಭಾರಿ ಶಾರ್ಕ್ ಸಿಕ್ಕಿತು. ಅದರ ತಲೆಯನ್ನು ನಿಕೊಲಾಸ್ ಸ್ಟೆನೊ ಅನ್ನುವ ವೈದ್ಯನ ಬಳಿ ಕಳಿಸಿದರು. ಆತ ಕುಯ್ದು ನೋಡಿದ. ಬಾಯೊಳಗಿನ ಹಲ್ಲಿಗೂ ನಾಲಿಗೆ ಕಲ್ಲಿಗೂ ಆಕಾರ ಒಂದೇ. ಮುಂದಿನ ವರ್ಷ ಅದನ್ನು ಬರೆದು ಪ್ರಕಟಿಸಿದ. ನೂರಾರು ವರ್ಷದ ಡ್ರ್ಯಾಗನ್ ಅಲ್ಲಿಗೆ ಮುಗಿಯಿತು. ಅದಕ್ಕೆ ಬೇಕಾಗಿದ್ದು ಒಂದು ಚಾಕು, ಒಂದು ಮೀನಿನ ತಲೆ, ಕಣ್ಣಿಟ್ಟು ನೋಡುವ ತಾಳ್ಮೆ.

ಶಾರ್ಕ್‌ನ ಅಸ್ಥಿಪಂಜರ ನಮ್ಮ ಕಿವಿಯ ಹಾಗೆ ಮೆದುಮೂಳೆಯದು. ಬೇಗ ಕೊಳೆತು ಹೋಗುತ್ತದೆ. ಹಾಗಾಗಿ ಮೆಗಲೊಡಾನ್‌ನಿಂದ ಉಳಿದಿರುವುದು ಹೆಚ್ಚಾಗಿ ಹಲ್ಲು, ಅಲ್ಲಲ್ಲಿ ಬೆನ್ನುಮೂಳೆಯ ಮಣಿಗಳು. ಇಡೀ ದೇಹ ಹೇಗಿತ್ತು ಅನ್ನುವುದು ಲೆಕ್ಕಾಚಾರ. ಸಿನಿಮಾದಲ್ಲಿ ಅದು 70 ಅಡಿಗೂ ಉದ್ದ. ಅತಿಯಾಯಿತು ಅಂತ ಆಗ ಹಲವರು ನಕ್ಕಿದ್ದರು. 2025ರಲ್ಲಿ ಬಂದ ಒಂದು ಅಧ್ಯಯನ 24 ಮೀಟರ್ ಅಂದರೆ ಸುಮಾರು 80 ಅಡಿ ಇದ್ದಿರಬಹುದು ಅಂದಿತು! ಆದರೆ ಮೈ ಸಿನಿಮಾದಲ್ಲಿರುವಷ್ಟು ದಪ್ಪ ಇರಲಿಲ್ಲ, ತೆಳ್ಳಗೆ ಉದ್ದಕ್ಕೆ ಇತ್ತು ಅಂತಲೂ ಹೇಳಿತು.

ಹಾಗಾದರೆ ಈಗಲೂ ಎಲ್ಲೋ ಆಳದಲ್ಲಿ ಇದ್ದರೆ? "ಸಮುದ್ರ ಪೂರ್ತಿ ನೋಡಿದವರು ಯಾರು?" ಅನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ಕೇಳಬೇಕಾದ್ದೇ. ಉತ್ತರ ಇರುವುದು ಹೊಟ್ಟೆಯಲ್ಲಿ. ಅಷ್ಟು ದೊಡ್ಡ, ಮೈ ಬೆಚ್ಚಗಿಟ್ಟುಕೊಳ್ಳುವ ಪ್ರಾಣಿಗೆ ಮೇವು ರಾಶಿ ರಾಶಿ ಬೇಕು. ಆ ಮೇವು, ಅಂದರೆ ತಿಮಿಂಗಿಲ, ಉಸಿರಾಡಲು ಮೇಲೆ ಬರುವ ಪ್ರಾಣಿ. ಮರಿಯಾನಾದ ತಳದಲ್ಲಿ ನೀರಿನ ಒತ್ತಡ ಮೇಲಿನದರ ಸಾವಿರ ಪಟ್ಟಿಗೂ ಹೆಚ್ಚು, ನೀರು ಮಂಜಿನಷ್ಟು ತಣ್ಣಗೆ, ತಿನ್ನಲು ಸಿಗುವುದು ಮೇಲಿಂದ ಉದುರುವ ಚೂರುಪಾರು. ಇವತ್ತಿನ ಶಾರ್ಕ್‌ಗಳೇ 3000 ಮೀಟರಿನ ಆಚೆಗೆ ಸಿಗುವುದು ತೀರಾ ಅಪರೂಪ. ಮೆಗಲೊಡಾನ್ ಮರಿಗಳಂತೂ ದಡದ ಹತ್ತಿರದ ಆಳವಿಲ್ಲದ ನೀರಿನಲ್ಲಿ ಬೆಳೆಯುತ್ತಿದ್ದವು. ಪನಾಮಾದಲ್ಲಿ ಪುಟ್ಟ ಪುಟ್ಟ ಹಲ್ಲುಗಳು ಒಂದೇ ಕಡೆ ಸಿಕ್ಕಿರುವುದು ಅದಕ್ಕೇ. ಅದು ಬದುಕಿದ್ದರೆ ಮೊದಲು ನೋಡುತ್ತಿದ್ದವರು ಮೀನುಗಾರರು.

ನಂಬುವವರ ಕೈಯಲ್ಲಿ ಒಂದು ಗಟ್ಟಿ ಸಾಕ್ಷಿಯೂ ಇದೆ. 1872ರಿಂದ 1876ರವರೆಗೆ ಬ್ರಿಟನ್ನಿನ 'ಚಾಲೆಂಜರ್' ಹಡಗು ಸಮುದ್ರಗಳನ್ನು ಅಳೆಯುತ್ತಾ ಭೂಮಿ ಸುತ್ತಿತು. ಮರಿಯಾನಾದ ಅತಿ ಆಳದ ಜಾಗಕ್ಕೆ ಇವತ್ತಿಗೂ ಆ ಹಡಗಿನದೇ ಹೆಸರು. ಅದೇ ಹಡಗು ಪೆಸಿಫಿಕ್ ತಳದಿಂದ ಮೆಗಲೊಡಾನ್ ಹಲ್ಲುಗಳನ್ನೂ ಎತ್ತಿ ತಂದಿತ್ತು. 1959ರಲ್ಲಿ ಒಬ್ಬ ಸಂಶೋಧಕ, ಹಲ್ಲಿನ ಮೇಲೆ ಕಟ್ಟಿದ್ದ ಮ್ಯಾಂಗನೀಸ್ ಪದರದ ದಪ್ಪ ಅಳೆದು, ಒಂದು ಹಲ್ಲು ಬರೀ 11 ಸಾವಿರ ವರ್ಷ ಹಳೆಯದು ಅಂದುಬಿಟ್ಟ. ಹನ್ನೊಂದು ಸಾವಿರ ವರ್ಷ ಅಂದರೆ ಮನುಷ್ಯರು ಇದ್ದ ಕಾಲ!

ಇದನ್ನು ಬೋರ್‌ವೆಲ್ ಇರುವ ಯಾರಿಗಾದರೂ ವಿವರಿಸುವುದು ಸುಲಭ. ಗಡಸು ನೀರಿಗೆ ಪೈಪಿನೊಳಗೆ ಬಿಳಿ ಪದರ ಕಟ್ಟುತ್ತದಲ್ಲ? ಒಂದು ಬೋರಿನಲ್ಲಿ ಎರಡೇ ವರ್ಷಕ್ಕೆ ಪೈಪು ಮುಚ್ಚುತ್ತದೆ, ಪಕ್ಕದ ಹೊಲದಲ್ಲಿ ಹತ್ತು ವರ್ಷವಾದರೂ ಬೆರಳು ಆಡುತ್ತದೆ. ಪದರದ ದಪ್ಪ ನೋಡಿ ಪೈಪಿನ ವಯಸ್ಸು ಹೇಳಲು ಬರುವುದಿಲ್ಲ. ಮ್ಯಾಂಗನೀಸ್ ಕತೆಯೂ ಅಷ್ಟೇ. ಅದು ಒಂದೊಂದು ಕಡೆ ಒಂದೊಂದು ವೇಗದಲ್ಲಿ ಕಟ್ಟುತ್ತದೆ. ವಿಜ್ಞಾನಿಗಳು ಆ ಲೆಕ್ಕವನ್ನು ಕೈಬಿಟ್ಟರು. ಯೂಟ್ಯೂಬಿನವರು ಕೈಬಿಟ್ಟಿಲ್ಲ.

ಸಿನಿಮಾಕ್ಕೆ ಐದು ವರ್ಷ ಮೊದಲು ನಡೆದದ್ದು ಪತ್ರಿಕೋದ್ಯಮ ಓದಿದ ನಮಗೆ ಹೆಚ್ಚು ಚುಚ್ಚುತ್ತದೆ. 2013ರ ಆಗಸ್ಟ್ 4ರಂದು ಅಮೆರಿಕದಲ್ಲಿ ಡಿಸ್ಕವರಿ ಚಾನೆಲ್ಲು, ಮೆಗಲೊಡಾನ್ ಇನ್ನೂ ಬದುಕಿದೆ ಅನ್ನುವ ಒಂದು ಕಾರ್ಯಕ್ರಮ ಹಾಕಿತು. ದಕ್ಷಿಣ ಆಫ್ರಿಕಾದ ಕಡಲಲ್ಲಿ ದೋಣಿ ಮುಳುಗಿದೆ, ಅದರಲ್ಲಿದ್ದವರ ವಿಡಿಯೋ ಸಿಕ್ಕಿದೆ, ವಿಜ್ಞಾನಿಗಳು ಹುಡುಕಿ ಹೊರಟಿದ್ದಾರೆ. ಎಲ್ಲ ಸಾಕ್ಷ್ಯಚಿತ್ರದ ಧಾಟಿಯಲ್ಲೇ. ಆದರೆ ವಿಜ್ಞಾನಿಗಳು ಬಾಡಿಗೆ ನಟರು. ದೋಣಿ ಮುಳುಗಿದ್ದು ಕಟ್ಟುಕಥೆ. ಎರಡನೇ ಮಹಾಯುದ್ಧದ್ದು ಅಂತ ತೋರಿಸಿದ ಚಿತ್ರವೂ ತಿದ್ದಿದ್ದು. ಕೆಲವು ಘಟನೆಗಳನ್ನು ನಾಟಕೀಯಗೊಳಿಸಲಾಗಿದೆ ಅನ್ನುವ ಸಾಲು ಕೊನೆಯಲ್ಲಿ ಬಂದು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ಸುಮಾರು 48 ಲಕ್ಷ ಜನ ನೋಡಿದರು. ಚಾನೆಲ್ಲಿನ ಶಾರ್ಕ್ ವಾರದಲ್ಲಿ ಅಲ್ಲಿಯವರೆಗಿನ ದಾಖಲೆ ಅದು. ನಿಜವಾದ ಸಮುದ್ರ ವಿಜ್ಞಾನಿಗಳು ಸಿಟ್ಟಾದರು. ಆದರೂ ಮರುವರ್ಷ ಇನ್ನೊಂದು ಕಂತು ಬಂತು. 2015ರಲ್ಲಿ ಚಾನೆಲ್ಲಿಗೆ ಹೊಸ ಮುಖ್ಯಸ್ಥರು ಬಂದ ಮೇಲೆ ಇಂಥದ್ದನ್ನು ನಿಲ್ಲಿಸುತ್ತೇವೆ ಅಂದರು.

ಸ್ಟೇಥಮ್ ಸಿನಿಮಾ ಟಿಕೆಟ್ ಕೊಡುವಾಗಲೇ ತಾನು ಆಟ ಅಂತ ಹೇಳಿತು. ಬಯಲಾಟದ ರಾವಣನಿಗೆ ಹತ್ತು ತಲೆ ಯಾಕೆ ಅಂತ ಯಾರೂ ಕೇಳುವುದಿಲ್ಲ. ಆದರೆ ಅದೇ ವೇಷದವನು ಕಿರೀಟ ತೆಗೆದಿಟ್ಟು ಪಂಚಾಯ್ತಿ ಕಟ್ಟೆಯಲ್ಲಿ ಕೂತು "ಲಂಕೆ ಸುಟ್ಟಿದ್ದು ನಿನ್ನೆ, ನಾನೇ ನೋಡಿದೆ" ಅಂದರೆ?

ಹೋದ ಮಳೆಗಾಲದಲ್ಲಿ ನಮ್ಮ ಊರಿನ ವಾಟ್ಸಾಪ್ ಗುಂಪಿಗೂ ಸಾನ್ಯಾ ಕಡಲತೀರದ ಆ ದೃಶ್ಯ ಬಂತು. ಸ್ಟೇಥಮ್ ಮುಖ ಬರುವ ಜಾಗ ಕತ್ತರಿಸಿದ್ದರು. ಮೇಲೆ "ಜಪಾನ್, ಇಂದು ಬೆಳಿಗ್ಗೆ" ಅಂತ. ಕರಾವಳಿಗೆ ಮೀನು ಬೋಟಿನ ಕೆಲಸಕ್ಕೆ ಹೋಗಿರುವ ಹುಡುಗರು ನಮ್ಮೂರಲ್ಲಿದ್ದಾರೆ. ಅವರಲ್ಲೊಬ್ಬನ ಅಜ್ಜಿ ಮೂರು ದಿನ ಮೊಮ್ಮಗನಿಗೆ ಫೋನ್ ಮಾಡಿ ವಾಪಸ್ ಬಾ ಅಂತ ಅತ್ತರು. ಅವನು ಕೂಲಿ ಬಿಟ್ಟು ಬಂದೂಬಿಟ್ಟ.

ಅಜ್ಜಿ ನಮ್ಮನ್ನು ಕೇಳಿದ್ದು ಒಂದೇ ಮಾತು: "ಅದು ಸಿನ್ಮಾ ಅಂತ ನಂಗೆ ಹೆಂಗಪ್ಪಾ ಗೊತ್ತಾಗ್ಬೇಕು?"

ನಾವು ಅವರ ಪಕ್ಕ ಕೂತು ಆ ವಿಡಿಯೋ ಮತ್ತೆ ಹಾಕಿದೆವು. "ಅಜ್ಜಿ, ಇದನ್ನ ತೆಗೀತಿರೋನು ಎಲ್ಲಿ ನಿಂತಿದಾನೆ ನೋಡಿ." ಮೊದಲು ದಡದಲ್ಲಿ. ಮರುಕ್ಷಣ ಆಕಾಶದಲ್ಲಿ. ಆಮೇಲೆ ನೀರಿನೊಳಗೆ, ಮೀನಿನ ಬಾಯಿಗೆ ಎದುರಾಗಿ. ಅಜ್ಜಿ ಎರಡು ಸಲ ನೋಡಿ, "ಅಯ್ಯೋ, ಮೀನು ಮೊದ್ಲು ಇವ್ನನ್ನ ತಿನ್ಬೇಕಿತ್ತಲ್ಲ!" ಅಂದರು. ಅದಾದ ಮೇಲೆ ಗುಂಪಿಗೆ ಬರುವ ವಿಡಿಯೋಗಳಿಗೆಲ್ಲ ಅವರದು ಒಂದೇ ಪ್ರಶ್ನೆ, ತೆಗೆದವನು ಎಲ್ಲಿ ನಿಂತಿದ್ದ ಅಂತ. ಹುಡುಗರು ಉತ್ತರ ಗೊತ್ತಿಲ್ಲದೆ ತಡವರಿಸುತ್ತಾರೆ.

ಅದೇ ಗುಂಪಿಗೆ ನಾವು ಮೆಗಲೊಡಾನ್‌ನ ಅಸಲಿ ಹಲ್ಲಿನ ಫೋಟೋ ಹಾಕಿದೆವು, ಪಕ್ಕದಲ್ಲಿ ಅಳತೆಗೆ ಒಬ್ಬರ ಅಂಗೈ, ಕೆಳಗೆ ನಾಲ್ಕು ಸಾಲು ವಿವರ. ವಾರದ ನಂತರ ಆ ಫೋಟೋ ಪಕ್ಕದ ಊರಿನ ಗುಂಪಿನಿಂದ ನಮಗೇ ವಾಪಸ್ ಬಂತು. ವಿವರ ಇರಲಿಲ್ಲ. "ಡೈನೋಸಾರ್ ಹಲ್ಲು, ನಮ್ಮ ಜಿಲ್ಲೆಯಲ್ಲೇ ಪತ್ತೆ, ಎಲ್ಲರಿಗೂ ಶೇರ್ ಮಾಡಿ" ಅಂತ ಇತ್ತು.